ಟ್ರಯತ್ಲಾನ್ ಮಾಡ್ಬೇಕಾ? ಸೈಕಲ್ ಆಮೇಲೆ, ಮೊದ್ಲು ನೀರಲ್ಲಿ ಉಸಿರು ಬಿಡ್ಲಿಕ್ಕೆ ಕಲೀರಿ

ಮೊನ್ನೆ ಮಂಗಳೂರಿನ ಲೇಡಿಹಿಲ್ ಪೂಲಲ್ಲಿ ಒಬ್ಬ ಹುಡುಗ ಬಂದು "ಅಣ್ಣ, ಟ್ರಯತ್ಲಾನಿಗೆ ಯಾವ ಸೈಕಲ್ ತಗೊಳ್ಳೋದು" ಅಂತ ಕೇಳಿದ. ಎಲ್ರೂ ಮೊದ್ಲು ಕೇಳೋದು ಇದನ್ನೇ. ನಿಲ್ಲದೆ ಎಷ್ಟು ಲ್ಯಾಪ್ ಈಜ್ತಿ ಅಂತ ಕೇಳಿದ್ರೆ ಎರಡು ಅಂದ. ಹಾಗಾದ್ರೆ ಸೈಕಲ್ ವಿಷಯ ಇನ್ನೆರಡು ತಿಂಗಳು ಕಳೆದು ಮಾತಾಡುವ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೀತೇನೆ, ನಮ್ಮ ಮಂಗಳೂರು ಉಡುಪಿ ಕಡೆ ಹೊಸದಾಗಿ ಶುರು ಮಾಡುವವರಿಗೆ ಉಪಯೋಗ ಆಗ್ಬಹುದು.

ಟ್ರಯತ್ಲಾನ್ ಅಂದ್ರೆ ಈಜು, ಸೈಕಲ್, ಓಟ, ಇದೇ ಕ್ರಮದಲ್ಲಿ, ಮಧ್ಯೆ ಗಡಿಯಾರ ನಿಲ್ಲೋದಿಲ್ಲ. ಹೆಚ್ಚಿನವರಿಗೆ ಗೊತ್ತಿರೋದು ಐರನ್‌ಮ್ಯಾನ್ ಮಾತ್ರ, 3.8 ಕಿಮೀ ಈಜು, 180 ಕಿಮೀ ಸೈಕಲ್, 42.2 ಕಿಮೀ ಓಟ, ಅದನ್ನು ಕೇಳಿಯೇ ಅರ್ಧ ಜನ ಇದು ನಮ್ಗಲ್ಲಪ್ಪ ಅಂತ ಬಿಡ್ತಾರೆ. 2019ರಲ್ಲಿ ಗೋವಾದಲ್ಲಿ ಶುರುವಾದ ಐರನ್‌ಮ್ಯಾನ್ 70.3 ರೇಸ್ ಅದರ ಅರ್ಧ, ಆ ನಂಬರ್ ಮೂರೂ ಸೇರಿದ ಮೈಲಿ ಲೆಕ್ಕ, ನಮ್ಮ ಲೆಕ್ಕದಲ್ಲಿ 113 ಕಿಮೀ. ನೀವು ಅದನ್ನೆಲ್ಲ ಈಗ ತಲೆಗೆ ಹಾಕ್ಕೊಳ್ಬೇಡಿ. ಸ್ಪ್ರಿಂಟ್ ಅಂತ ಒಂದುಂಟು, 750 ಮೀಟರ್ ಈಜು, 20 ಕಿಮೀ ಸೈಕಲ್, 5 ಕಿಮೀ ಓಟ. ಆರೋಗ್ಯ ಸರಿ ಇದ್ರೆ ದಿನಾ ಒಂದು ಗಂಟೆ ಬಿಡುವು ಮಾಡ್ಕೊಳ್ಳುವವರು ಮೂರ್ನಾಲ್ಕು ತಿಂಗಳಲ್ಲಿ ಇದಕ್ಕೆ ತಯಾರಾಗ್ಬಹುದು. ನಲವತ್ತು ದಾಟಿದವ್ರು, ಬಿಪಿ ಶುಗರ್ ಇರುವವ್ರು ಒಮ್ಮೆ ಡಾಕ್ಟ್ರಿಗೆ ತೋರಿಸಿಯೇ ಶುರು ಮಾಡಿ.

ಈಗ ಈಜಿನ ವಿಷಯ. ನಮ್ಮೂರಲ್ಲಿ ಈಜು ಬರ್ತದೆ ಅನ್ನುವವರು ತುಂಬ ಜನ ಇದ್ದಾರೆ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಕೊಂಡು ತೋಟದ ಕೆರೆಯಲ್ಲಿ ಕಲಿತವರು, ಹೊಳೆ ದಾಟಿದವರು. ಅದು ದೊಡ್ಡ ಆಸ್ತಿ, ನೀರಿನ ಹೆದರಿಕೆ ಇಲ್ಲ. ಆದ್ರೆ ಆ ಈಜಲ್ಲಿ ತಲೆ ಯಾವಾಗ್ಲೂ ಮೇಲೆ ಇರ್ತದೆ, ತಲೆ ಮೇಲಾದ್ರೆ ಸೊಂಟ ಕೆಳಗೆ ಹೋಗ್ತದೆ, ಸೊಂಟ ಕೆಳಗಾದ್ರೆ ನೀರನ್ನು ಎದೆಯಲ್ಲಿ ದೂಡ್ಕೊಂಡು ಹೋದ ಹಾಗೆ, ನೂರು ಮೀಟರಿಗೆ ಸುಸ್ತು. ಹಾಗಾಗಿ ಫ್ರೀಸ್ಟೈಲ್ ಹೊಸದಾಗಿ ಕಲೀಬೇಕು, ಮುಖ ನೀರಲ್ಲಿ, ಕಣ್ಣು ತಳ ನೋಡ್ತಾ.

ಎಲ್ರೂ ಸಿಕ್ಕಿ ಬೀಳೋದು ಉಸಿರಲ್ಲಿ. ನೀರೊಳಗೆ ಉಸಿರು ಕಟ್ಟಿ ಹಿಡೀತಾರೆ, ಮುಖ ಹೊರಗೆ ಬಂದಾಗ ಬಿಡೋದೂ ತಗೊಳ್ಳೋದೂ ಎರಡೂ ಒಂದೇ ಗಳಿಗೆಯಲ್ಲಿ ಮಾಡ್ಲಿಕ್ಕೆ ನೋಡ್ತಾರೆ, ಆಗೋದಿಲ್ಲ. ಆಗ ಎದೆ ಬಿಗಿದು ಗಾಬರಿ ಆಗ್ತದಲ್ಲ, ಅದು ಹೆಚ್ಚಾಗಿ ಆಮ್ಲಜನಕ ಕಡಿಮೆಯಾಗಿ ಅಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ. ಮದ್ದು ಸಿಂಪಲ್. ಪೂಲಿನ ಅಂಚು ಹಿಡ್ಕೊಳ್ಳಿ, ಮುಖ ಮುಳುಗಿಸಿ, ಮೂಗಲ್ಲಿ "ಮ್‌ಮ್‌ಮ್" ಅಂತ ಗುನುಗ್ತಾ ಗುಳ್ಳೆ ಬಿಡಿ, ಒಂದೇ ಸಲ ಭುಸ್ ಅಂತ ಅಲ್ಲ, ನಿಧಾನಕ್ಕೆ, ಪೂರ್ತಿ. ಆಮೇಲೆ ಮುಖ ಬದಿಗೆ ತಿರುಗಿಸಿ, ಒಂದು ಕಿವಿ ನೀರಲ್ಲೇ ಇರ್ಲಿ, ಬಾಯಲ್ಲಿ ತಗೊಳ್ಳಿ. ದಿನಾ ಇಪ್ಪತ್ತು ಸಲ. ಎರಡು ವಾರ ಬೇರೆ ಏನೂ ಮಾಡದಿದ್ರೂ ಇದನ್ನು ಮಾಡಿ. ನಾನು ಇದನ್ನು ಬಿಟ್ಟು ಕೈ ಬೀಸುವುದರಲ್ಲೇ ಒಂದು ಇಡೀ ಸೀಸನ್ ಕಳೆದೆ, ಉಸಿರು ಸರಿಯಾದ ತಿಂಗಳೇ ನಾಲ್ಕು ಲ್ಯಾಪ್ ಇದ್ದದ್ದು ಹದಿನಾರಕ್ಕೆ ಹೋಯ್ತು. ಸ್ಪ್ರಿಂಟಿನ 750 ಮೀಟರ್ ಅಂದ್ರೆ ಮಂಗಳೂರಿನ ಎಮ್ಮೆಕೆರೆಯ 50 ಮೀಟರ್ ಕೊಳದಲ್ಲಿ 15 ಸಲ, ಅಷ್ಟೇ. ಉಡುಪಿಯವರಿಗೆ ಅಜ್ಜರಕಾಡಿನ ಪೂಲ್ ಉಂಟು.

ಪೂಲಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಆಗುವವರೆಗೆ ಸಮುದ್ರಕ್ಕೆ ಇಳೀಬೇಡಿ. ಇದನ್ನು ದಯವಿಟ್ಟು ತಮಾಷೆಗೆ ತಗೊಳ್ಬೇಡಿ. ಜೂನಿಂದ ಸೆಪ್ಟೆಂಬರ್ ವರೆಗೆ ಸಮುದ್ರದ ಸುದ್ದಿಯೇ ಬೇಡ. ಆಮೇಲೂ ಒಬ್ರೇ ಬೇಡ, ಲೈಫ್‌ಗಾರ್ಡ್ ಇರುವ ಕಡೆ, ಇರುವ ಹೊತ್ತಲ್ಲೇ, ಸೊಂಟಕ್ಕೆ ಕಿತ್ತಳೆ ಬಣ್ಣದ ಸೇಫ್ಟಿ ಬಾಯ್ (ನೀರಲ್ಲಿ ತೇಲುವ ಗಾಳಿ ಚೀಲ) ಕಟ್ಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ. ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿನ ಹತ್ರ ಬೇಡವೇ ಬೇಡ, ಇಳಿತದ ಹೊತ್ತಿಗೆ ನೀರು ಹೊರಗೆ ಎಳೀತದೆ. ಎಲ್ಲಿ ಸೆಳೆತ ಉಂಟು ಅಂತ ಅಲ್ಲಿನ ಮೀನುಗಾರರ ಹತ್ರ ಕೇಳಿ, ಅವರಷ್ಟು ಗೊತ್ತಿರೋದು ಯಾರಿಗೂ ಇಲ್ಲ. ಎಡಕ್ಕೂ ಬಲಕ್ಕೂ ಅಲೆ ಒಡೀತಿರುವಾಗ ಮಧ್ಯೆ ನೊರೆ ಇಲ್ಲದೆ ಶಾಂತವಾಗಿ ಕಾಣುವ ಜಾಗ ಸೇಫ್ ಅಂತ ಹೊಸಬರು ಅಂದ್ಕೊಳ್ತಾರೆ, ಹೆಚ್ಚಾಗಿ ಸೆಳೆತ ಇರೋದೇ ಅಲ್ಲಿ. ಸಿಕ್ಕಿಬಿದ್ರೆ ದಡಕ್ಕೆ ನೇರ ಹೊಡೀಬೇಡಿ, ತೇಲ್ತಾ ಕೈ ಎತ್ತಿ ಕರೀರಿ, ಶಕ್ತಿ ಇದ್ರೆ ಅಡ್ಡಕ್ಕೆ ಈಜಿ ಹೊರಗೆ ಬನ್ನಿ. ಮತ್ತೆ, ಸಮುದ್ರದ ತಳದಲ್ಲಿ ಪೂಲಿನ ಹಾಗೆ ಕಪ್ಪು ಗೆರೆ ಇಲ್ಲ, ಆರೆಂಟು ಸ್ಟ್ರೋಕಿಗೊಮ್ಮೆ ಮೊಸಳೆ ಹಾಗೆ ಕಣ್ಣು ಮಾತ್ರ ಮೇಲೆ ಮಾಡಿ ದೂರದ ಒಂದು ಎತ್ತರದ ತೆಂಗಿನ ಮರ ನೋಡ್ಕೊಳ್ಳಿ, ಇಲ್ಲಾಂದ್ರೆ ನೇರ ಹೋಗ್ತಿದ್ದೇನೆ ಅಂದ್ಕೊಂಡು ಎಲ್ಲಿಗೋ ಹೋಗಿರ್ತೀರಿ.

ಸೈಕಲ್ ಮನೇಲಿ ಇರೋದೇ ಸಾಕು, ಗೇರ್ ಇದ್ದು ಬ್ರೇಕ್ ಹಿಡಿದ್ರೆ ಆಯ್ತು. ದುಡ್ಡು ಹಾಕುವುದಾದ್ರೆ ಒಳ್ಳೆ ಹೆಲ್ಮೆಟಿಗೆ, ಹಿಂದಿನ ಕೆಂಪು ಲೈಟಿಗೆ ಹಾಕಿ. ಹೈವೇ 66ರಲ್ಲಿ ಬಸ್ಸಿನವರ ಮಧ್ಯೆ ಪ್ರಾಕ್ಟೀಸ್ ಬೇಡ. ಮಲ್ಪೆ ಪಡುಕೆರೆಯಿಂದ ಮಟ್ಟು ಕಡೆ ಹೋಗುವ ರಸ್ತೆ ಉಂಟಲ್ಲ, ಒಂದು ಬದಿ ಸಮುದ್ರ ಇನ್ನೊಂದು ಬದಿ ಹೊಳೆ, ಏರು ಇಲ್ಲ, ಅದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ. ಬೆಳಿಗ್ಗೆ ಎಂಟರ ಒಳಗೆ ಮುಗಿಸಿ, ಆಮೇಲೆ ಬಿಸಿಲು, ಮತ್ತೂ ಹೊತ್ತೇರಿದ್ರೆ ಕಡಲಿನ ಗಾಳಿ ಬದಿಯಿಂದ ಹೊಡೀತದೆ. ಮನೆಗೆ ಬಂದು ಸಿಹಿನೀರಲ್ಲಿ ಸೈಕಲ್ ತೊಳೆದು ಚೈನಿಗೆ ಎಣ್ಣೆ ಹಾಕಿ, ಇಲ್ಲಾಂದ್ರೆ ಉಪ್ಪು ಗಾಳಿಗೆ ತುಕ್ಕು ಗ್ಯಾರಂಟಿ.

ಓಟಕ್ಕೆ ಹೆಚ್ಚು ಹೇಳ್ಲಿಕ್ಕಿಲ್ಲ, ಮಾತಾಡ್ಲಿಕ್ಕೆ ಆಗುವಷ್ಟು ನಿಧಾನ ಓಡಿ, ಬೇಕಾದ್ರೆ ನಡೆದು ಓಡಿ. ಆದ್ರೆ ಸೈಕಲಿನಿಂದ ಇಳಿದು ಓಡೋದು ಬೇರೆಯೇ ಕಥೆ. ಕಾಲು ಬೇರೆಯವರದ್ದು ಅಂತ ಅನಿಸ್ತದೆ, ಮೊಣಕಾಲು ಇನ್ನೂ ಪೆಡಲಿನ ಲಯದಲ್ಲೇ ಇರ್ತದೆ. ಸೈಕಲ್ ಆದ ಕೂಡ್ಲೇ ಓಡುವ ಅಭ್ಯಾಸಕ್ಕೆ ಬ್ರಿಕ್ ಅಂತಾರೆ, ವಾರಕ್ಕೊಮ್ಮೆ ಭಾನುವಾರ ಮಾಡಿ, ಸೈಕಲ್ ಗೋಡೆಗೆ ಒರಗಿಸಿ ಶೂ ಹಾಕಿ ಕೂಡ್ಲೇ ಹತ್ತು ನಿಮಿಷ ಓಡಿ, ಹೆಜ್ಜೆ ಸಣ್ಣ ಸಣ್ಣ ಇಡಿ. ಸೈಕಲಿನ ಕೊನೆ ಒಂದು ಕಿಲೋಮೀಟರ್ ಹಗುರ ಗೇರಲ್ಲಿ ಕಾಲು ಬೇಗ ತಿರುಗಿಸಿದ್ರೆ ಈ ಭಾರ ಬೇಗ ಬಿಡ್ತದೆ. ವಾರಕ್ಕೆ ಮೂರು ಈಜು, ಎರಡು ಸೈಕಲ್, ಎರಡು ಓಟ, ಬ್ರಿಕ್ ಅದರೊಳಗೇ ಬರ್ತದೆ, ಒಂದು ದಿನ ಪೂರ್ತಿ ರೆಸ್ಟ್.

ನಮ್ಮ ಸೆಕೆಯಲ್ಲಿ ಬೆವರು ಆರೋದೇ ಇಲ್ಲ, ಹಾಗಾಗಿ ಮೈ ತಂಪಾಗೋದಿಲ್ಲ, ಬೆಂಗಳೂರಿನವರ ಟೈಮಿಂಗ್ ನೋಡಿ ಬೇಜಾರ್ ಮಾಡ್ಬೇಡಿ. ಓಡುವ ಮೊದ್ಲು ಮತ್ತು ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದ್ರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. ಬೊಂಡ (ಎಳನೀರು) ಒಳ್ಳೇದೇ, ಪೊಟ್ಯಾಶಿಯಂ ಉಂಟು, ಆದ್ರೆ ಬೆವರಲ್ಲಿ ಹೆಚ್ಚು ಹೋಗೋದು ಸೋಡಿಯಂ, ಅದಕ್ಕೆ ಚಿಟಿಕೆ ಉಪ್ಪು ಹಾಕಿ. ಕುಚ್ಚಲಕ್ಕಿ ಗಂಜಿ ತೆಳಿಗೆ ಉಪ್ಪು ಹಾಕಿ ಕುಡಿದ್ರೂ ನಡೀತದೆ, ನಾನು ಅದನ್ನೇ ಕುಡಿಯೋದು.

ರೇಸ್ ದಿನ ಒಂದು ರೂಲ್ ಮರೀಬೇಡಿ, ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ಮುಟ್ಲಿಕ್ಕಿಲ್ಲ, ವಾಪಸ್ ಸೈಕಲ್ ರ‍್ಯಾಕಿಗೆ ಇಟ್ಟ ಮೇಲೇ ತೆಗೀಬೇಕು. ಕಾಲಿನ ಮರಳು ಒರೆಸ್ಲಿಕ್ಕೆ ಒಂದು ಹಳೇ ಬೈರಾಸು ಹಾಸಿಡಿ, ಸಾಕ್ಸ್ ಬಾಯಿ ಮಡಚಿಡಿ. ಈಜು ಶುರುವಾಗುವಾಗ ಮುಂದೆ ನುಗ್ಬೇಡಿ, ಹಿಂದೆ ಬದಿಯಲ್ಲಿ ನಿಂತು ಹತ್ತು ಸೆಕೆಂಡ್ ಬಿಟ್ಟು ಇಳೀರಿ. ಮಧ್ಯದಲ್ಲಿ ಗಾಬರಿ ಆದ್ರೆ ಬೆನ್ನ ಮೇಲೆ ತೇಲಿ, ಇಲ್ಲ ರಕ್ಷಣೆಗೆ ನಿಂತ ಕಯಾಕ್ ಹಿಡ್ಕೊಂಡು ಉಸಿರು ಸರಿ ಮಾಡ್ಕೊಳ್ಳಿ, ಅದರಿಂದ ಮುಂದೆ ಎಳೆಸ್ಕೊಳ್ಳದಿದ್ರೆ ಯಾರೂ ನಿಮ್ಮನ್ನು ಔಟ್ ಮಾಡೋದಿಲ್ಲ.