ಸ್ಯಾಂಪಲ್ ಎತ್ತೋಕ್ ಮುಂಚೆ: ಜೀವವೈವಿಧ್ಯ ಕಾಯ್ದೆ ಪರ್ಮಿಶನ್ ಯಾರಿಗೆ ಬೇಕು, ಹೆಂಗೆ

ಪಶ್ಚಿಮ ಘಟ್ಟದಲ್ಲಿ ಕಪ್ಪೆನೋ ಜರೀಗಿಡನೋ ಮಣ್ಣಿನ ಬ್ಯಾಕ್ಟೀರಿಯಾನೋ ಕಲೆಕ್ಟ್ ಮಾಡೋಕೆ ಹೊರಟೋರು ಎಲ್ರೂ ಮೊದ್ಲು ಕೇಳೋದು "ಈ ಜೀವಿಗೆ ಪರ್ಮಿಶನ್ ಬೇಕಾ" ಅಂತ, ಆದ್ರೆ 2002ರ ಜೀವವೈವಿಧ್ಯ ಕಾಯ್ದೆ ಮೊದ್ಲು ಕೇಳೋದು ನೀವು ಯಾರು ಅಂತ. ಅಲ್ಲಿಂದಾನೇ ಶುರು ಮಾಡಿ.

ನೀವು ಭಾರತೀಯ ನಾಗರಿಕರು, ಇಲ್ಲೇ ಇರೋರು, ಇಲ್ಲಿನ ಯೂನಿವರ್ಸಿಟಿಲಿ ಪಿಎಚ್‌ಡಿ ಮಾಡ್ತಾ ಇದೀರಾ, ದುಡ್ಡು ಮಾಡೋ ಉದ್ದೇಶ ಇಲ್ಲ ಅಂದ್ರೆ ದೇಶದೊಳಗಿನ ರಿಸರ್ಚಿಗೆ ಚೆನ್ನೈನಲ್ಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ, ಅಂದ್ರೆ ಎನ್‌ಬಿಎ, ಅನುಮತಿ ಬೇಕಾಗಲ್ಲ. ವಿದೇಶಿಯರು, ವಿದೇಶಿ ಸಂಸ್ಥೆಗಳು, ವಿದೇಶಿಯರ ಕಂಟ್ರೋಲಲ್ಲಿರೋ ಕಂಪನಿಗಳು ಮೊದ್ಲೇ ಅನುಮತಿ ತಗೊಳ್ಳಲೇಬೇಕು. ಇಲ್ಲೊಂದು ಕಡೆ ನಮ್ಮೋರೇ ಸಿಕ್ಕಾಕ್ಕೊಳ್ತಾರೆ. ಮೈಸೂರಲ್ಲಿ ಹುಟ್ಟಿ ಬೆಳೆದು ಈಗ ಜರ್ಮನಿಲಿ ಪಿಎಚ್‌ಡಿ ಮಾಡ್ತಾ ಇರೋರು ರಜೆಗೆ ಬಂದು ಆಗುಂಬೆಲಿ ನಾಲ್ಕು ಎಲೆ ಕಿತ್ಕೊಂಡು ಹೋಗೋಣ ಅಂದ್ರೆ ಆಗಲ್ಲ, ಪಾಸ್‌ಪೋರ್ಟ್ ಭಾರತದ್ದೇ ಇದ್ರೂ ಆದಾಯ ತೆರಿಗೆ ಕಾಯ್ದೆ ಲೆಕ್ಕದಲ್ಲಿ ನೀವು ಅನಿವಾಸಿ ಆಗಿದ್ರೆ ವಿದೇಶಿಯರ ಸಾಲಲ್ಲೇ ನಿಲ್ಬೇಕು. ಶಿರಸಿ ಮಾರ್ಕೆಟಲ್ಲಿ ಕಾಳುಮೆಣಸು ದುಡ್ಡು ಕೊಟ್ಟು ತಗೊಂಡಿದೀನಿ ಅನ್ನೋ ವಾದಾನೂ ನಡೆಯಲ್ಲ, ಸರಕಾಗಿ ಮಾರೋ ಕೊಳ್ಳೋ ವ್ಯವಹಾರಕ್ಕೆ ಮಾತ್ರ ವಿನಾಯಿತಿ, ಅದೇ ಕಾಳನ್ನ ರಿಸರ್ಚಿಗೆ ಬಳಸಿದ್ರೆ ಇಲ್ಲ.

ಅರಣ್ಯ ಇಲಾಖೆ ಲೆಟರ್ ಇದೆ ಸಾಕು ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ಅದು ಕಾಡೊಳಗೆ ಹೋಗೋಕೆ, ವನ್ಯಜೀವಿ ಕಾಯ್ದೆಗೆ. ಇದು ಬೇರೆ. ಎರಡೂ ಬೇಕಾದ್ರೆ ಎರಡಕ್ಕೂ ಅರ್ಜಿ ಹಾಕಿ.

ಆಮೇಲೆ ಸ್ಯಾಂಪಲ್ ಎಲ್ಲಿಗೆ ಹೋಗುತ್ತೆ ನೋಡಿ. ನೀವು ಇಲ್ಲಿನೋರೇ ಆದ್ರೂ ಹೊರದೇಶದ ಲ್ಯಾಬಿಗೆ ಟೆಸ್ಟಿಗೆ ಕಳಿಸ್ಬೇಕು ಅಂದ್ರೆ ಎನ್‌ಬಿಎಗೆ ಅರ್ಜಿ ಹಾಕ್ಬೇಕು. ಇಲ್ಲಿನ ಸಂಸ್ಥೆಗಳು (ಸರ್ಕಾರಿ ಸಂಸ್ಥೇನೂ ಸೇರಿ) ಮತ್ತೆ ಹೊರದೇಶದ ಸಂಸ್ಥೆಗಳ ನಡುವಿನ ಜಂಟಿ ಪ್ರಾಜೆಕ್ಟಾಗಿ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿದ್ರೆ ಸೆಕ್ಷನ್ 5ರಲ್ಲಿ ವಿನಾಯಿತಿ ಇದೆ, ಹಂಗಾಗಿ ಗೈಡನ್ನ ಮೊದ್ಲೇ ಕೇಳಿ, ನಮ್ ಪ್ರಾಜೆಕ್ಟು ಅದರಡಿ ಬರುತ್ತಾ ಅಂತ. ಹೊಸ ಪ್ರಭೇದ ಸಿಕ್ಕಿದ್ರೆ ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿ ಇಡಬೇಕು, ಪ್ರಾಣಿ ಆದ್ರೆ ಕೋಲ್ಕತ್ತಾದ ಜೂವಾಲಜಿಕಲ್ ಸರ್ವೆ, ಗಿಡ ಆದ್ರೆ ಬೊಟಾನಿಕಲ್ ಸರ್ವೆ. ಬ್ಯಾಕ್ಟೀರಿಯಾದೋರ ಪಾಡು ಮಾತ್ರ ಯಾರಿಗೂ ಬೇಡ, ಹೊಸ ಹೆಸರು ಊರ್ಜಿತ ಆಗ್ಬೇಕಾದ್ರೆ ಜೀವಂತ ಕಲ್ಚರನ್ನ ಬೇರೆ ಬೇರೆ ಎರಡು ದೇಶಗಳ ಸಂಗ್ರಹಗಳಲ್ಲಿ ಇಟ್ಟು ಯಾರು ಕೇಳಿದ್ರೂ ಸಿಗೋ ಹಂಗೆ ಮಾಡ್ಬೇಕು ಅನ್ನುತ್ತೆ ಅಂತಾರಾಷ್ಟ್ರೀಯ ನಿಯಮ, ನಮ್ ಕಾಯ್ದೆ ಹೊರಗೆ ಕಳಿಸೋಕ್ ಮುಂಚೆ ಕೇಳು ಅನ್ನುತ್ತೆ, ಮಧ್ಯ ಪೇಪರ್ ತಿಂಗಳುಗಟ್ಟಲೆ ಕೂತಿರುತ್ತೆ. ಕಂಪನಿಗಳನ್ನ ಹಿಡಿಯೋಕೆ ಬೀಸಿದ ಬಲೇಲಿ ಜೀವಿಗಳನ್ನ ಗುರುತಿಸಿ ಹೆಸರಿಡೋ ಬಡ ಟ್ಯಾಕ್ಸಾನಮಿಸ್ಟು ಸಿಕ್ಕಿಬಿದ್ದಿದಾನೆ ಅಂತ ನನಗನ್ಸುತ್ತೆ.

ಹಂಗಂತ ಕಾಯ್ದೇನೇ ವ್ಯರ್ಥ ಅನ್ನೋಕಾಗಲ್ಲ. ಬಿಟಿ ಬದನೆ, ಅಂದ್ರೆ ಕುಲಾಂತರಿ ಬದನೆ, ಕೇಸ್ ನೆನಪಿದ್ಯಲ್ಲ, ನಮ್ ರಾಜ್ಯದ ಬದನೆ ತಳಿಗಳನ್ನ ಅನುಮತಿ ಇಲ್ದೆ ಬಳಸಿದ್ರು ಅಂತ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಹೋಯ್ತು, ಬೀಜದ ಕಂಪನಿ ಮಹಿಕೋ ಜೊತೆ ಧಾರವಾಡ ಕೃಷಿ ವಿವಿ ಹೆಸರೂ ಬಂತು, ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತು. ಸರ್ಕಾರಿ ವಿವಿ ಅನ್ನೋದೊಂದೇ ರಕ್ಷಣೆ ಅಲ್ಲ ಅಂತ ಆಗ ಎಲ್ರಿಗೂ ಗೊತ್ತಾಯ್ತು.

ಅದಕ್ಕೇ ರಿಸರ್ಚು ಪ್ರಾಡಕ್ಟ್ ಕಡೆ ತಿರುಗ್ತಿದೆ ಅನ್ಸಿದ ತಕ್ಷಣ ಎಚ್ಚರ ಆಗಿ. ಇಲ್ಲಿನ ಕಂಪನಿಗಳು ವಾಣಿಜ್ಯ ಬಳಕೆಗೆ ಮುಂಚೆ ರಾಜ್ಯ ಮಂಡಳಿಗೆ ತಿಳಿಸ್ಬೇಕು. ಪೇಟೆಂಟ್ ಆದ್ರೆ ಇಲ್ಲಿನೋರು ಅದು ಮಂಜೂರಾಗೋ ಮುಂಚೆ ಎನ್‌ಬಿಎನಲ್ಲಿ ನೋಂದಾಯಿಸ್ಬೇಕು, ಮಾರ್ಕೆಟಿಗೆ ತರೋವಾಗ ಒಪ್ಪಿಗೆ ಪಡೀಬೇಕು. 2023ರ ತಿದ್ದುಪಡಿ ಆದ್ಮೇಲೆ ಜೈಲಿನ ಭಯ ಹೋಗಿದೆ, ದಂಡ ಮಾತ್ರ 1 ಲಕ್ಷದಿಂದ 50 ಲಕ್ಷದವರೆಗೆ ಇದೆ.

ಅರ್ಜಿ ತುಂಬೋವಾಗ ಸೀನಿಯರ್ ಕೊಟ್ಟ ಹಳೇ ಪಿಡಿಎಫ್ ನಂಬ್ಬೇಡಿ, 2024ರಲ್ಲಿ ಹೊಸ ನಿಯಮಗಳು, 2025ರಲ್ಲಿ ಲಾಭ ಹಂಚಿಕೆ ರೆಗ್ಯುಲೇಶನ್ ಬಂದಿವೆ, ಎನ್‌ಬಿಎ ವೆಬ್‌ಸೈಟಲ್ಲಿರೋ ಫಾರ್ಮೇ ತಗೊಳ್ಳಿ. ಪ್ರಭೇದದ ಹೆಸರು, ಎಷ್ಟು ಪ್ರಮಾಣ, ಯಾವ ಊರು, ಏನಕ್ಕೆ, ಎಲ್ಲಾ ಬಿಡಿಸಿ ಬರೀರಿ. ಡಿಎನ್‌ಎ ಸೀಕ್ವೆನ್ಸನ್ನ ಪಬ್ಲಿಕ್ ಡೇಟಾಬೇಸಿಗೆ ಹಾಕೋ ಪ್ಲಾನ್ ಇದ್ರೆ ಅದನ್ನೂ ಅದರಲ್ಲೇ ಬರೆದುಬಿಡಿ, ಹೊಸ ರೆಗ್ಯುಲೇಶನ್ನಲ್ಲಿ ಡಿಜಿಟಲ್ ಸೀಕ್ವೆನ್ಸ್ ಮಾಹಿತೀನೂ ಸೇರಿದೆ.