ವೋಲ್ಟೇಜ್ ಅಳೆಯೋಕೆ ಹೋಗಿ ಬ್ಯಾಟರಿಯನ್ನೇ ಖಾಲಿ ಮಾಡಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಮಳೆಮಾಪಕದ ಲೆಕ್ಕ ಕಳಿಸಲು ಆರ್ಡುಯಿನೋ ಪ್ರೋ ಮಿನಿ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್, ದೂರಕ್ಕೆ ಸಂದೇಶ ಕಳಿಸುವ ಒಂದು ಲೋರಾ ರೇಡಿಯೋ ಮಾಡ್ಯೂಲ್, ಒಂದು 18650 ಲಿಥಿಯಂ ಸೆಲ್ ಸಾಕು. ಇಂಚು, ಸೆಂಟಿನ ಲೆಕ್ಕ ಮನೆಗೇ ಬರುತ್ತದೆ. ಇದನ್ನು ಚೆನ್ನಾಗಿಯೇ ಮಾಡುವವರು ಕೂಡ ಬ್ಯಾಟರಿ ಎಷ್ಟಿದೆ ಅಂತ ತಿಳಿಯುವ ಜಾಗದಲ್ಲಿ ಎಡವುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೋರ್ಡಿನ ಪವರ್ ಎಲ್‌ಇಡಿ ಕಿತ್ತು ಹಾಕಿ. ಸೆಲ್‌ನ ವೋಲ್ಟೇಜನ್ನು 3.3ಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್ ಎಎಂಎಸ್1117 ಆಗಿದ್ದರೆ ಅದನ್ನೂ ಕಿತ್ತು ಎಂಸಿಪಿ1700 ಹಾಕಿ. ಮೊದಲನೆಯದು ಸುಮ್ನೆ ಕೂತೇ ಸುಮಾರು 5 ಮಿಲಿ ಆಂಪ್ ತಿನ್ನುತ್ತದೆ, ಎರಡನೆಯದಕ್ಕೆ ಸುಮಾರು 1.6 ಮೈಕ್ರೋ ಆಂಪ್ ಸಾಕು. ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅಂಗಡಿಯಿಂದ ಸೀದಾ ಆಚೆ ಬನ್ನಿ. ಆ ಅಳತೆಯ ಸೆಲ್‌ನಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗಬೇಕು.

ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸ್ (ಹೋಲಿಕೆಗೆ ಇಟ್ಟ ವೋಲ್ಟೇಜ್) ಬಳಸಿ, ಹೊರಗೆ ಏನನ್ನೂ ಜೋಡಿಸದೆ ವಿಸಿಸಿ, ಅಂದರೆ ಚಿಪ್ಪಿಗೆ ಬರುವ ವೋಲ್ಟೇಜ್, ಅಳೆಯುವ ಒಂದು ಅಡ್ಡದಾರಿ ಇದೆ. ಎರಡು ಎಎ ಸೆಲ್ ನೇರವಾಗಿ ಚಿಪ್ಪಿಗೆ ಕೊಟ್ಟಿದ್ದರೆ ಅದು ಚೆನ್ನ. ನಡುವೆ ರೆಗ್ಯುಲೇಟರ್ ಇದ್ದರೆ ದಂಡ: ಸೆಲ್ ಸಾಯುವ ಹೊತ್ತಿನವರೆಗೂ 3.3 ಅಂತಲೇ ತೋರಿಸುತ್ತಿರುತ್ತದೆ.

ಹಾಗಾಗಿ ನಮಗೆ ಎರಡು ರೆಸಿಸ್ಟರ್‌ನ ಡಿವೈಡರ್ (ವೋಲ್ಟೇಜನ್ನು ಪಾಲು ಮಾಡಿ ಇಳಿಸುವ ಜೋಡಣೆ) ಬೇಕು. ಕೆಡುವುದೂ ಇಲ್ಲೇ. ಡಬ್ಬಿಯಲ್ಲಿ ಸಿಕ್ಕಿತು ಅಂತ ಎರಡು 10 ಕೆ (ಕಿಲೋ ಓಮ್) ಹಾಕಿದರೆ 4.2 ವೋಲ್ಟ್‌ಗೆ 210 ಮೈಕ್ರೋ ಆಂಪ್ ಹಗಲೂ ರಾತ್ರಿ ಹರಿಯುತ್ತದೆ. ಎಬ್ಬಿಸುವ ಟೈಮರ್ ಆದ ವಾಚ್‌ಡಾಗ್ ಆನ್ ಇಟ್ಟು ಮಲಗಿದ ಎಟಿಮೆಗಾ328ಪಿ, ಅಂದರೆ ಬೋರ್ಡಿನ ಮುಖ್ಯ ಚಿಪ್, ತಿನ್ನುವುದು 5 ಮೈಕ್ರೋ ಆಂಪ್ ಆಸುಪಾಸು ಮಾತ್ರ. ಹೊಲಕ್ಕಿಂತ ಬೇಲಿಯೇ ಜಾಸ್ತಿ ಮೇಯ್ದ ಹಾಗೆ, ಅಲ್ವಾ? ಬ್ಯಾಟರಿ ಕಡೆಗೆ 1 ಮೆಗಾ ಓಮ್, ಗ್ರೌಂಡ್ ಕಡೆಗೆ 270 ಕೆ ಹಾಕಿ. ಹರಿಯುವುದು 3.3 ಮೈಕ್ರೋ ಆಂಪ್‌ಗೆ ಇಳಿಯುತ್ತದೆ. ತುಂಬಿದ ಸೆಲ್‌ಗೆ ಪಿನ್‌ನಲ್ಲಿ ಸುಮಾರು 0.89 ವೋಲ್ಟ್ ಸಿಗುತ್ತದೆ. ಪಿನ್ ಓದುವುದು ರೆಫರೆನ್ಸ್‌ವರೆಗೆ ಮಾತ್ರ, ಹಾಗಾಗಿ 270ರ ಬದಲು 330 ಕೆ ಹಾಕಬೇಡಿ. 1.1 ಅನ್ನುವ ರೆಫರೆನ್ಸ್ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಇರಬಹುದು, ಆಗ ಮೇಲಿನ ತುದಿ ಓದುವುದಕ್ಕೇ ಸಿಗುವುದಿಲ್ಲ.

ಇಷ್ಟು ದೊಡ್ಡ ರೆಸಿಸ್ಟರ್ ಹಾಕಿದ ಮೇಲೆ ಪಿನ್‌ನಿಂದ ಗ್ರೌಂಡ್‌ಗೆ 100 ನ್ಯಾನೋ ಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು. ಚಿಪ್ಪಿನೊಳಗೆ ವೋಲ್ಟೇಜನ್ನು ಅಂಕಿ ಮಾಡುವ ಎಡಿಸಿಗೆ 10 ಕೆ ಓಮ್ ಅಥವಾ ಅದಕ್ಕಿಂತ ಕಡಿಮೆ ಇಂಪೀಡೆನ್ಸ್‌ನ (ತಡೆಯ) ಮೂಲ ಬೇಕು. ಕೆಪಾಸಿಟರ್ ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ, ನೀವು ಕೋಡನ್ನು ಬೈಯುತ್ತಾ ಕೂರುತ್ತೀರಿ. ಡಿವೈಡರ್ ಸರಿಯಿದೆಯಾ ಅಂತ ಅದರ ನಡುವಿಗೆ ಮೀಟರ್ ಇಟ್ಟು ನೋಡುವುದೂ ಬೇಡ. 10 ಮೆಗಾ ಓಮ್ ಮೀಟರೇ ಶೇ 2ರಷ್ಟು ಕಡಿಮೆ ತೋರಿಸುತ್ತದೆ, 1 ಮೆಗಾ ಓಮ್‌ನ ಅಗ್ಗದ ಮೀಟರ್ ಆದರೆ ಶೇ 17ಕ್ಕೂ ಮೇಲೆ. ಮೀಟರ್ ಬ್ಯಾಟರಿ ತುದಿಗೇ ಇಡಿ. ಅಲ್ಲಿನ ವೋಲ್ಟ್ ಅನ್ನು ಎಡಿಸಿ ಅಂಕಿಯಿಂದ ಭಾಗಿಸಿ ಬಂದದ್ದನ್ನು ಕೋಡ್‌ಗೆ ಹಾಕಿ. ಪ್ರತಿ ಬೋರ್ಡ್‌ಗೂ ಬೇರೆ ಬೇರೆ ಮಾಡಬೇಕು.

ಮಲೆನಾಡಿನಲ್ಲಿ ಇನ್ನೊಂದು ತಾಪತ್ರಯ ಶೀತ. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದು ತೇವ ಹಿಡಿದರೆ 1 ಮೆಗಾ ಓಮ್ ಪಕ್ಕದಲ್ಲೇ ಕಾಣದ ದಾರಿಯೊಂದು ಬೀಳುತ್ತದೆ, ಬಿಸಿಲಲ್ಲಿ ಸರಿಯಿದ್ದ ಅಂಕಿ ಮಳೆಯಲ್ಲಿ ಎಲ್ಲೋ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೇಲೆ ಕೋಟಿಂಗ್ ಬಳಿಯಿರಿ. ನೇಲ್ ಪಾಲಿಶ್ ಕೂಡ ನಡೆಯುತ್ತದೆ.

ಕೋಡ್ ಸುಲಭ. ರೆಫರೆನ್ಸ್ ಅನ್ನು ಇಂಟರ್ನಲ್‌ಗೆ ಇಡಿ, ಮೊದಲ ಕೆಲವು ರೀಡಿಂಗ್ ಬಿಸಾಕಿ, ಆಮೇಲಿನವುಗಳ ಸರಾಸರಿ ತೆಗೆಯಿರಿ, ಮಲಗುವ ಮುಂಚೆ ಎಡಿಸಿ ಆಫ್ ಮಾಡಿ. ದಿನಕ್ಕೆರಡು ಸಲ ಸಾಕು, ಅದೂ ಲೋರಾ ಸಂದೇಶ ಕಳಿಸುವ ಮುಂಚೆ. ಕಳಿಸುವಾಗ ವೋಲ್ಟೇಜ್ ಕುಸಿಯುತ್ತದೆ, ಒಮ್ಮೆ ಆಗ ಒಮ್ಮೆ ಈಗ ಓದಿದರೆ ಹೋಲಿಸೋಕೆ ಆಗುವುದಿಲ್ಲ.

ಶೇಕಡಾ ಲೆಕ್ಕಕ್ಕೆ ಹೋಗಬೇಡಿ, ವೋಲ್ಟ್ ಅನ್ನೇ ಕಳಿಸಿ. ಲಿಥಿಯಂ ಸೆಲ್ 3.7ರ ಸುತ್ತಮುತ್ತ ಬಹಳ ದಿನ ನಿಂತು ಆಮೇಲೆ ದಡದಡ ಇಳಿಯುತ್ತದೆ. 3.5ಕ್ಕೆ ಎಚ್ಚರಿಕೆ ಇಡಿ. ಅದಕ್ಕಿಂತ ಕೆಳಗೆ ಹೋದರೆ ಲೋರಾ ಜೋರಾಗಿ ಎಳೆಯುವಾಗ ರೆಗ್ಯುಲೇಟರ್‌ಗೆ 3.3 ಕೊಡುವುದು ಕಷ್ಟ. ಮೇ ಕೊನೆಗೆ 3.8ಕ್ಕಿಂತ ಕಡಿಮೆ ಇದ್ದರೆ ಆಗಲೇ ಸೆಲ್ ಬದಲಿಸಿ, ಜುಲೈನಲ್ಲಿ ಇಂಬಳ ಕಚ್ಚಿಸಿಕೊಂಡು ತೋಟಕ್ಕೆ ಇಳಿಯೋಕೆ ಯಾರೂ ಒಪ್ಪುವುದಿಲ್ಲ.