ಎಸಿ ಫಿಟಿಂಗ್ ಹುಡುಗರ ದಿನ ಹೊಂದಿಸುವುದು ಹೇಗೆ?

ಮಾರ್ಚ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಎಸಿ ಅಂಗಡಿಗಳಲ್ಲಿ ಫೋನು ಸುಮ್ಮನಿರುವುದಿಲ್ಲ. ‘ಎಲ್ಲಿ ಅದೀರಿ?’ ಎಂದು ಗಿರಾಕಿ, ‘ಹಾದ್ಯಾಗ ಅದೀನ್ರೀ ಸರ, ಹತ್ತು ನಿಮಿಷ’ ಎಂದು ಫಿಟಿಂಗ್ ಹುಡುಗ. ಕೆಲಸ ಮುಗಿಯುತ್ತಿಲ್ಲ ಎಂದು ಮಾಲೀಕರು ಇನ್ನೊಬ್ಬ ಹುಡುಗನನ್ನು ಹುಡುಕಲು ಹೊರಡುತ್ತಾರೆ. ಅದಕ್ಕೂ ಮೊದಲು ಒಂದು ಲೆಕ್ಕ ತೆಗೆಯಿರಿ: ಒಂದೇ ಮನೆಗೆ ಎರಡನೇ ಸಲ ಹೋಗಿದ್ದು ಎಷ್ಟು? ದಿನ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಹಿಂದಿನ ಸಂಜೆಯೇ ಫೋನ್ ಮಾಡಿ

ಎಲ್ಲಕ್ಕಿಂತ ದೊಡ್ಡ ಉಳಿತಾಯ ಇಲ್ಲಿದೆ. ಎಸಿ ಮನೆಗೆ ಬಂದು ಮುಟ್ಟಿದೆಯೇ? ಕೇಳಿದರೆ ನಗು ಬರಬಹುದು, ಆದರೂ ಕೇಳಿ. 16 ಆಂಪಿಯರ್ ಸಾಕೆಟ್ ಇದೆಯೇ? ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರು ಒಪ್ಪಿದ್ದಾರೆಯೇ? ಎಷ್ಟನೇ ಮಹಡಿ? ಒಳಗಿನ ಗೋಡೆಯದೊಂದು, ಔಟ್‌ಡೋರ್ ಯೂನಿಟ್ ಇಡುವ ಜಾಗದ್ದೊಂದು, ಎರಡು ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಎಸಿ ಜೊತೆ ಬರುವ ಕಾಪರ್ ಪೈಪ್ ಸಾಮಾನ್ಯವಾಗಿ ಸುಮಾರು 3 ಮೀಟರ್. ಫೋಟೋದಲ್ಲೇ ಸಾಲದು ಅನ್ನಿಸಿದರೆ ಹೆಚ್ಚಿನ ಪೈಪಿನ ರೇಟು ಫೋನಿನಲ್ಲೇ ಹೇಳಿಬಿಡಿ. ಗೋಡೆ ಕೊರೆದ ಮೇಲೆ ರೇಟಿನ ಜಗಳ ಶುರುವಾದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ಹೆಸ್ಕಾಂನ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯನ್ನೂ ನೋಡಿಕೊಳ್ಳಿ. ಕರೆಂಟ್ ಇಲ್ಲದಿದ್ದರೆ ಡ್ರಿಲ್ಲೂ ಓಡುವುದಿಲ್ಲ, ಟ್ರಯಲ್ಲೂ ಆಗುವುದಿಲ್ಲ.

ಊರು ಹಂಚಿಕೊಳ್ಳಿ

ಎರಡು ಊರಿನ ನಡುವೆ ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಹುಬ್ಬಳ್ಳಿಯ ಕೇಶ್ವಾಪುರ, ಆಮೇಲೆ ಧಾರವಾಡದ ಸಪ್ತಾಪುರ, ಸಂಜೆ ಮತ್ತೆ ಹುಬ್ಬಳ್ಳಿಯ ಗೋಕುಲ ರೋಡ್ ಎಂದರೆ ಪೆಟ್ರೋಲು ಸುಡುವುದಷ್ಟೇ ಲಾಭ. ಇಬ್ಬರು ಹುಡುಗರ ಒಂದು ಜೋಡಿಗೆ ಒಂದು ದಿನ ಒಂದೇ ಊರು ಕೊಡಿ. ಎರಡೂ ಕಡೆ ಹೋಗಲೇಬೇಕಾದರೆ ವಿದ್ಯಾನಗರ, ಉಣಕಲ್, ನವನಗರ ಎಂದು ಹಾದಿಯ ಮೇಲೇ ಕೆಲಸ ಜೋಡಿಸಿ, ಒಂದೇ ದಿಕ್ಕಿಗೆ ಸಾಗುವಂತೆ ಮಾಡಿ. ದುರ್ಗದಬೈಲ್ ಕಡೆಯ ಕೆಲಸ ಬೆಳಿಗ್ಗೆಯೇ ಮುಗಿಸಿ. ಸಂಜೆ ಆ ಸಂದಣಿಯಲ್ಲಿ ಏಣಿ ಹೊತ್ತು ಹೋಗುವುದು ಯಾರಿಗೆ ಬೇಕು, ಅಲ್ವಾ?

ಎಲ್ಲ ಮನೆಗೂ ಒಂದೇ ಸಮಯ ಇಡಬೇಡಿ. ಮಾಳಮಡ್ಡಿಯ ಹಳೇ ಹಂಚಿನ ಮನೆಯ ದಪ್ಪ ಗೋಡೆ ಕೊರೆಯುವುದೂ ಹೊಸ ಲೇಔಟಿನ ಇಟ್ಟಿಗೆ ಗೋಡೆ ಕೊರೆಯುವುದೂ ಒಂದೇ ಅಲ್ಲ. ಗಿರಾಕಿಗೆ ‘ಹನ್ನೊಂದಕ್ಕೆ’ ಎನ್ನುವ ಬದಲು ‘ಹನ್ನೊಂದರಿಂದ ಒಂದರ ಒಳಗೆ’ ಎನ್ನಿ. ಮಧ್ಯಾಹ್ನದ ಮೇಲೆ ಒಂದು ಹೊತ್ತು ಖಾಲಿ ಬಿಡಿ. ಬೇಸಿಗೆಯಲ್ಲಿ ಅದು ಖಾಲಿ ಉಳಿಯುವುದಿಲ್ಲ, ಚಿಂತೆ ಬೇಡ.

ಗಾಡಿ ರಾತ್ರಿಯೇ ತುಂಬಿ

ಸ್ಟ್ಯಾಂಡ್, ಆ್ಯಂಕರ್ ಬೋಲ್ಟ್, ಡ್ರೇನ್ ಪೈಪ್, ಟೇಪ್. ಒಂದು ಬೋಲ್ಟಿಗಾಗಿ ಹುಡುಗ ಹಾರ್ಡ್‌ವೇರ್ ಅಂಗಡಿ ಹುಡುಕುತ್ತ ಹೋದರೆ ಇನ್ನೊಬ್ಬ ಸುಮ್ನೆ ಕೂರುತ್ತಾನೆ.

ಅವಸರ ಎಲ್ಲಿ ಬೇಡ?

ವ್ಯಾಕ್ಯೂಮ್ ಪಂಪ್ ಹಚ್ಚುವಲ್ಲಿ. ಪೈಪಿನೊಳಗಿನ ಗಾಳಿ, ತೇವ ತೆಗೆಯಲು ಕನಿಷ್ಠ 15ರಿಂದ 20 ನಿಮಿಷ ಬೇಕು. ಅದನ್ನು ಬಿಟ್ಟರೂ ಅವತ್ತು ಎಸಿ ತಣ್ಣಗೇ ಓಡುತ್ತದೆ, ತೊಂದರೆ ಕಂಪ್ರೆಸರಿಗೆ, ಅದೂ ನಿಧಾನವಾಗಿ. ಪಂಪ್ ಓಡುವಾಗ ಕೈ ಕಟ್ಟಿ ನಿಲ್ಲಬೇಕಿಲ್ಲ. ಕೊರೆದ ಧೂಳು ಗುಡಿಸಬಹುದು, ಡ್ರೇನ್ ಪೈಪಿಗೆ ನೀರು ಸುರಿದು ಇಳಿಜಾರು ಸರಿ ಇದೆಯೇ ನೋಡಬಹುದು. ಮುಂದಿನ ಮನೆಗೆ ‘ಹೊಂಟೀವ್ರೀ ಅಕ್ಕಾರ’ ಎಂದು ಫೋನ್ ಮಾಡಲೂ ಇದೇ ಹೊತ್ತು.

ವಾರಕ್ಕೊಮ್ಮೆ ಪುಸ್ತಕ ತೆಗೆಯಿರಿ

ಎರಡನೇ ಸಲ ಹೋದ ಮನೆಗಳ ಎದುರು ಕಾರಣ ಬರೆದಿಡಿ. ‘ಸಾಕೆಟ್ ಇರಲಿಲ್ಲ’ ಎಂಬುದೇ ಮತ್ತೆ ಮತ್ತೆ ಬಂದರೆ ಹುಡುಗನನ್ನು ಬೈದು ಉಪಯೋಗವಿಲ್ಲ, ಸಂಜೆ ಫೋನ್ ಮಾಡಿದವರನ್ನು ಕೇಳಿ. ‘ನೀರು ಸೋರಿತು’, ‘ಗ್ಯಾಸ್ ಹೋಯಿತು’ ಎಂದಿದ್ದರೆ ಆಗ ಹುಡುಗನ ಕೈಕೆಲಸ ನೋಡಬೇಕು. ಒಂದು ಮನೆಗೆ ಇಷ್ಟು ಎಂದು ಮಾತ್ರ ದುಡ್ಡು ಕೊಡುವ ಅಂಗಡಿಯಲ್ಲಿ ಅವಸರಕ್ಕೆ ವ್ಯಾಕ್ಯೂಮ್ ಪಂಪ್ ಗಾಡಿಯಿಂದ ಇಳಿಯುವುದೇ ಅಪರೂಪ. ಕೂಲಿ ಅವತ್ತೇ ಕೊಡಿ. ತಿಂಗಳೊಳಗೆ ಆ ಮನೆಯಿಂದ ಕಂಪ್ಲೇಂಟ್ ಬರದಿದ್ದರೆ ಮೇಲೊಂದಿಷ್ಟು ಸೇರಿಸಿ ಕೊಡಿ.